ಎಪ್ಪತ್ತೈದರ ಹಲಗೆ

ಹಲಗೆ ಅಂದರೆ ಹಲಗೆಯೂ ಅಲ್ಲ,
ಮುರಿದ ಮಗ್ಗದ ಪೆಟ್ಟಿಗೆಯ ಒಂದು ಮಗ್ಗುಲು.
ಸತ್ತ ಸೆಲ್ಲಿನ ಕರಿ ಅರೆದು, ಅಂಟು ಕಲಸಿ
ನಾನೇ ಬಳಿದದ್ದು, ಆಗ ಹತ್ತು ವರ್ಷದವ,
ಬೆಟಗೇರಿಯ ನಾಗೂಸಾ ಕಾಕಾನ ಸೈಕಲ್ ಅಂಗಡಿಗೆ.

ಹುಬ್ಬಳ್ಳಿಯ ಪೇಪರು ಬೆಳಗಿನ ಗಾಡಿಗೆ ಬರುತ್ತಿತ್ತು.
ಕಾಕಾ ಹಿಂದಿನ ಪುಟದಿಂದ ಓದುತ್ತಿದ್ದ,
ಪಂಚರಿನ ಬೋಗುಣಿಯಲ್ಲಿ ಅರಿವೆ ಅದ್ದಿ
ನಿನ್ನೆಯ ಜಗತ್ತನ್ನು ಒರೆಸಿ
ಇವತ್ತಿನದನ್ನು ಖಡುವಿನಲ್ಲಿ ಬರೆಯುತ್ತಿದ್ದ.
ಗೆದ್ದವರು ಎಡಕ್ಕೆ, ಸೋತವರು ಬಲಕ್ಕೆ,
ಅಕ್ಷರ ಇಬ್ಬರಿಗೂ ಒಂದೇ ಅಳತೆ.

ಮಾರ್ಚಿನ ಆ ಶನಿವಾರ ಕ್ವಾಲಾಲಂಪುರದ ಹಾಕಿ
ಮೌಲಾಸಾಬನ ರೇಡಿಯೋದಲ್ಲಿ ಕರಕರ ಅಂದಿತು.
ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು,
ಲಾಳಿ ಅರ್ಧ ದಾರಿಯಲ್ಲಿ.
ಕಾಕಾ, ಒಂದು ಕಾಲಕ್ಕೆ ನಮ್ಮೂರ ಲೆಫ್ಟ್ ಹಾಫ್,
ಮುರಿದ ಎಡ ಮೊಣಕಾಲಿನವ,
ಬಗ್ಗಿಕೊಂಡೇ ಕೇಳಿದ, ಚೆಂಡು ತನ್ನ ಕಡೆ ಬಂದೀತೆಂಬಂತೆ.

ಭಾರತ ೨. ಪಾಕಿಸ್ತಾನ ೧.

ಒಂಬತ್ತು ದಿನ ಒರೆಸಲಿಲ್ಲ.
ಗಾಡಿಗಳು ಬಂದವು, ಜಗತ್ತು ಆಡುತ್ತಲೇ ಇತ್ತು.
ಹತ್ತನೆಯ ದಿನ ಅರಿವೆ ಅದ್ದಿದ:
ಹುಬ್ಬಳ್ಳಿ ರೈಲ್ವೆ ೪, ಬೆಟಗೇರಿ ೦.
ಅದಕ್ಕೂ ಅದೇ ಅಳತೆಯ ಅಕ್ಷರ.

ಮೇ ತಿಂಗಳಲ್ಲಿ ಜಪಾನಿನಾಕೆ ಒಬ್ಬಳು
ಎವರೆಸ್ಟ್ ಏರಿದಳು, ಹೆಂಗಸರಲ್ಲಿ ಮೊದಲಿಗಳು.
ಕೊಡ ಹೊತ್ತ ಅಂಬೂಬಾಯಿ ನಿಂತು ಓದಿಸಿಕೊಂಡಳು.
"ಹತ್ತಿದ್ದು ಬರದೀರಿ. ಇಳದದ್ದು?"
ಕಾಕಾ ಪೇಪರನ್ನು ಹಿಂದೆ ಮುಂದೆ ತಿರುವಿದ.
"ಅದನ್ನ ಯಾರೂ ಬರಿಯಂಗಿಲ್ಲವ್ವಾ."
"ಹಂಗಾರ ಅರ್ಧಾ ಸುದ್ದಿ," ಅಂದು
ಹನಿ ತುಳುಕದಂತೆ ನಡೆದಳು.

ಜೂನಿನಲ್ಲಿ ಕ್ರಿಕೆಟ್ಟಿನ ಮೊದಲ ವಿಶ್ವಕಪ್ಪು.
ನಮ್ಮವನೊಬ್ಬ ಅರವತ್ತು ಓವರ್ ನಿಂತು, ಔಟಾಗದೆ, ೩೬.
ಕಾಕಾ ಇದ್ದದ್ದನ್ನೇ ಬರೆದ.
ಮಧ್ಯಾಹ್ನದೊಳಗೆ ಯಾರೋ ಮೂರರ ಎಡಕ್ಕೆ ೧ ಕೂಡಿಸಿದ್ದರು.
ಒರೆಸಿದ. ಸಂಜೆಗೆ ಮತ್ತೆ ೧೩೬.
ದ್ವೇಷವಲ್ಲ, ಕಾಕಾನ ಕೈತಪ್ಪೆಂದು ನಂಬಿ
ಪಾಪ, ತಿದ್ದಿದ್ದರು.

ವೆಸ್ಟ್ ಇಂಡೀಸ್ ಕಪ್ಪು ಎತ್ತಿದ ವಾರವೇ
ದಿಲ್ಲಿಯಿಂದ ತುರ್ತು ಪರಿಸ್ಥಿತಿ.
ದಫೇದಾರ ಬಂದ, ಲಾಠಿಯ ತುದಿ ಹಲಗೆಗೆ ಊರಿದ.
"ಈ ೨೯೧, ೨೭೪ ಅಂದ್ರ ಏನು? ಯಾರಿಗೆ ಸನ್ನಿ?"
"ರನ್ನು, ಸಾಹೇಬ್ರ. ಓಡಿದ್ದು."
"ಎಲ್ಲಿಗೆ ಓಡಿದ್ರು?"
"ಎಲ್ಲಿಗೂ ಇಲ್ರಿ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ."
ಇದು ಇನ್ನೂ ಅನುಮಾನದ ಮಾತಾಯಿತು.
ಮುಚ್ಚಳಿಕೆ ಬರೆಸಿಕೊಂಡ:
ಅಂಕಿಗಳನ್ನು ಠಾಣೆಗೆ ತೋರಿಸಿಯೇ ಬರೆಯತಕ್ಕದ್ದು.

ಚೀಟಿ ಒಯ್ಯುವ ಕೆಲಸ ನನಗೆ.
ವಿಂಬಲ್ಡನ್ನಿನ ಹುಲ್ಲಿನ ಮೇಲೆ
ಕರಿಯ ಗಂಡಸೊಬ್ಬ ಮೊದಲ ಸಲ ಗೆದ್ದದ್ದು
ಠಾಣೆಯ ಸಿಕ್ಕಾ ಬಿದ್ದು
ನಮ್ಮ ಓಣಿಗೆ ಎರಡು ದಿನ ತಡವಾಗಿ ಮುಟ್ಟಿತು.

ಅಕ್ಟೋಬರಿನಲ್ಲಿ ಮನಿಲಾ.
ಹದಿನಾಲ್ಕು ಸುತ್ತು ಗುದ್ದಾಡಿದರು ಇಬ್ಬರು,
ಹದಿನೈದಕ್ಕೆ ಏಳಹೊರಟವನನ್ನು
ಅವನ ಗುರು ಕೈಯೊತ್ತಿ ಕೂರಿಸಿದನಂತೆ, ಸಾಕು ಅಂತ.
ಗೆದ್ದವನ ಹೆಸರು ಬರೆದು
ಕಾಕಾ ಬಹಳ ಹೊತ್ತು ಖಡು ಹಿಡಿದೇ ನಿಂತ.
ಆಮೇಲೆ ಮೊಣಕಾಲು ಸವರುತ್ತ, ನನ್ನ ಕಡೆ ನೋಡದೆ,
"ನನಗ ಹಂಗ ಯಾರೂ ಅನ್ನಲಿಲ್ಲ ನೋಡು."

ಡಿಸೆಂಬರಿಗೆ ದಫೇದಾರ ತಾನೇ ಬರತೊಡಗಿದ್ದ,
ಟೋಪಿ ಕಂಕುಳಲ್ಲಿ, ಗಾಡಿ ಬರುವ ಮೊದಲೇ.
"ಯಾರ ಸೋತ್ರೋ ನಾಗೂಸಾ, ಇವತ್ತ?"
ಕಾಕಾ ಟ್ಯೂಬನ್ನು ನೀರಿನಲ್ಲಿ ತಿರುಗಿಸುತ್ತ
ಗುಳ್ಳೆ ಏಳುವುದನ್ನೇ ಕಾಯುತ್ತ
ತಲೆ ಎತ್ತದೆ ಅಂದ:
"ಸಿಕ್ಕಾ ಬೀಳಲಿ ಸಾಹೇಬ್ರ. ಹೇಳತೀನಿ."